ಹಾಲಲ್ಲಿ ಆ್ಯಂಟಿಬಯಾಟಿಕ್ ಹಿಡಿಯೋ ಮೀಟರ್ ಗ್ಲೂಕೋಮೀಟರ್ ತರ ಯಾಕೆ ಬರ್ತಿಲ್ಲ?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಹಳ್ಳಿ ಡೈರಿಯಲ್ಲಿ ಸೆಕ್ರೆಟರಿ. ಈಚೆಗೆ ನಮ್ಮ ಬಿಎಂಸಿ (ಎಲ್ಲರ ಹಾಲು ಸೇರಿಸಿ ತಂಪಾಗಿಡೋ ಟ್ಯಾಂಕ್) ಹಾಲಲ್ಲಿ ಆ್ಯಂಟಿಬಯಾಟಿಕ್ ಇದೆ ಅಂತ ಇಡೀ ಲೋಡ್ ವಾಪಸ್ ಆಯ್ತು. ಯಾರ ಮನೆ ಹಾಲಿಂದ ಬಂತು ಅಂತ ಗೊತ್ತಾಗಲಿಲ್ಲ, ನಷ್ಟ ಎಲ್ಲರ ತಲೆ ಮೇಲೂ ಬಿತ್ತು. ಮಗಳು ಎಂ.ಎಸ್ಸಿ ಕೆಮಿಸ್ಟ್ರಿ ಓದ್ತಿದಾಳೆ, ಅವಳು ಎಲೆಕ್ಟ್ರೋಕೆಮಿಕಲ್ ಸೆನ್ಸರ್ ಅಂತ ಪೇಪರ್‌ಗಳನ್ನ ತೋರಿಸಿದ್ಲು. ಒಂದು ಹನಿ ಹಾಲು ಹಾಕಿದ್ರೆ ಸಾಕಂತೆ, ಸಕ್ಕರೆ ಕಾಯಿಲೆಯವ್ರ ಗ್ಲೂಕೋಮೀಟರ್ ತರ ನಿಮಿಷದಲ್ಲಿ ನಂಬರ್ ಬರತ್ತಂತೆ. ಇದು ಎಲ್ಲಿ ಸಿಗತ್ತೆ? ಡೈರಿಗೆ ತಗೋಬಹುದಾ? ಸಿಗಲ್ಲ ಅಂದ್ರೆ ಯಾಕೆ ಸಿಗಲ್ಲ?

ಉತ್ತರ:

ಮೊದ್ಲೇ ಹೇಳಿಬಿಡ್ತೀನಿ, ಸೀದಾ ಕ್ಯಾನ್ ಹಾಲು ಒಂದು ಹನಿ ಹಾಕಿ ಎಲ್ಲಾ ಆ್ಯಂಟಿಬಯಾಟಿಕ್ ಹೇಳೋ ಎಲೆಕ್ಟ್ರೋಕೆಮಿಕಲ್ ಮೀಟರ್ ನಂಬ್ಕೊಂಡು ಡೈರಿ ದುಡ್ಡು ಹಾಕಿ ಅಂತ ಇವತ್ತಿನ ಮಟ್ಟಿಗೆ ನಾನು ಹೇಳಲ್ಲ. ನಿಮ್ಮ ಈಗಿನ ಸಮಸ್ಯೆಗೆ ಬಣ್ಣದ ಗೆರೆ ಬರೋ ಸ್ಟ್ರಿಪ್ಪೇ ಸರಿ, ಅದರ ಬಗ್ಗೆ ಕೆಳಗೆ ಬರೀತೀನಿ. ಹಾಗಂತ ಮಗಳು ತೋರಿಸಿದ ಪೇಪರ್ ಸುಳ್ಳು ಅಂತಲ್ಲ. ಅದರಲ್ಲಿರೋ ಕೆಮಿಸ್ಟ್ರಿ ನಿಜ, ಕೆಲವು ಔಷಧಗಳ ವಿಷಯದಲ್ಲಿ ನಿಜಕ್ಕೂ ಹತ್ತಿರ ಬಂದಿದಾರೆ. ತೊಂದರೆ ಇರೋದು "ಗ್ಲೂಕೋಮೀಟರ್ ತರ" ಅನ್ನೋ ಆ ಎರಡು ಪದದಲ್ಲಿ.

ಗ್ಲೂಕೋಮೀಟರೂ ಎಲೆಕ್ಟ್ರೋಕೆಮಿಕಲ್ ಸೆನ್ಸರೇ, ಅದೇ ಕುಟುಂಬದ ಹಿರಿಯಣ್ಣ ಅನ್ನಿ. 1962ರಲ್ಲಿ ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ ಮತ್ತೆ ಲಯನ್ಸ್ ಅನ್ನೋರು ಆಕ್ಸಿಜನ್ ಅಳೆಯೋ ಎಲೆಕ್ಟ್ರೋಡ್ ಮೇಲೆ ಗ್ಲೂಕೋಸ್ ಆಕ್ಸಿಡೇಸ್ ಅನ್ನೋ ಎಂಜೈಮ್ ಕೂರಿಸಿ ಸಕ್ಕರೆ ಅಳೆಯೋ ಐಡಿಯಾ ಕೊಟ್ರು, 1987ರ ಹೊತ್ತಿಗೆ ಅದು ಪೆನ್ನಿನ ಸೈಜಿನ ಮೀಟರ್ ಆಗಿ ಮಾರ್ಕೆಟ್‌ಗೆ ಬಂತು. ಅಷ್ಟು ಚೆನ್ನಾಗಿ ಗೆದ್ದಿದ್ದಕ್ಕೆ ಮುಖ್ಯ ಕಾರಣ ರಕ್ತದಲ್ಲಿ ಸಕ್ಕರೆ ಸಿಕ್ಕಾಪಟ್ಟೆ ಇರತ್ತೆ ಅನ್ನೋದು. ಆರೋಗ್ಯವಂತರಲ್ಲೂ ಡೆಸಿಲೀಟರ್‌ಗೆ 90 ಮಿಲಿಗ್ರಾಂ ಅಂದ್ರೆ ಕೆಮಿಸ್ಟ್ರಿ ಲೆಕ್ಕದಲ್ಲಿ 5 ಮಿಲಿಮೋಲಾರ್. ಇನ್ನು ಹಾಲಿಗೆ ಬನ್ನಿ. ಕ್ಲೋರಾಂಫೆನಿಕಾಲ್ ಅನ್ನೋ ಆ್ಯಂಟಿಬಯಾಟಿಕ್ ಆಹಾರದಲ್ಲಿ ಇರಲೇಬಾರದು ಅಂತ ನಿಯಮ, ಆದ್ರೆ ಲ್ಯಾಬ್‌ಗೆ ಏನೋ ಒಂದು ಗುರಿ ಬೇಕಲ್ಲ, ಯುರೋಪಿನಲ್ಲಿ 2003ರಿಂದ ಕೆಜಿಗೆ 0.3 ಮೈಕ್ರೋಗ್ರಾಂ ಅಂತ ಇಟ್ಟಿದ್ರು, 2022ರ ನವೆಂಬರ್‌ನಿಂದ ಅದನ್ನೂ ಅರ್ಧ ಮಾಡಿ 0.15ಕ್ಕೆ ಇಳಿಸಿದ್ರು. ಹಳೇ 0.3ನ್ನೇ ತಗೊಂಡ್ರೂ ಅದು ಸುಮಾರು 1 ನ್ಯಾನೋಮೋಲಾರ್ (ಒಂದು ಮಿಲಿಮೋಲಾರ್‌ನ ಹತ್ತು ಲಕ್ಷದಲ್ಲಿ ಒಂದು ಪಾಲು). ಅಂದ್ರೆ ಗ್ಲೂಕೋಮೀಟರ್ ಹುಡುಕೋ ಸಕ್ಕರೆಗಿಂತ ಸುಮಾರು 50 ಲಕ್ಷ ಪಟ್ಟು ಕಮ್ಮಿ! 12 ಸಾವಿರ ಲೀಟರ್ ಟ್ಯಾಂಕರ್ ಒಂದರಲ್ಲಿ ಮೂರೂವರೆ ಮಿಲಿಗ್ರಾಂ ಔಷಧ, ಒಂದು ಸಾಸಿವೆ ಕಾಳಿನ ತೂಕ ಹೆಚ್ಚುಕಮ್ಮಿ ಅಷ್ಟೇ ಇರತ್ತೆ. ಅದನ್ನ ಒಂದು ಹನಿಯಲ್ಲಿ ಕಂಡುಹಿಡೀಬೇಕು ಅಂತ ನಾವು ಕೇಳ್ತಿರೋದು.

ಈಗ ಈ ಸೆನ್ಸರ್ ಒಳಗೆ ಏನಾಗತ್ತೆ ಅಂತ ಸ್ವಲ್ಪ. ಪ್ಲಾಸ್ಟಿಕ್ ಅಥವಾ ಸೆರಾಮಿಕ್ ಚೂರಿನ ಮೇಲೆ ಕಾರ್ಬನ್ ಇಂಕು, ಬೆಳ್ಳಿ ಇಂಕು ಪ್ರಿಂಟ್ ಮಾಡಿರ್ತಾರೆ, ಒಟ್ಟು ಮೂರು ಎಲೆಕ್ಟ್ರೋಡ್. ಒಂದರ ಮೇಲೆ ರಿಯಾಕ್ಷನ್ ನಡೆಯತ್ತೆ, ಇನ್ನೊಂದು ಕರೆಂಟ್ ಸರ್ಕಿಟ್ ಪೂರ್ತಿ ಮಾಡತ್ತೆ, ಮೂರನೇದು ಅಂದ್ರೆ ಬೆಳ್ಳಿದು ವೋಲ್ಟೇಜ್ ಅಳೆಯೋಕೆ ಒಂದು ಸೊನ್ನೆ ಗುರುತು ಇದ್ದಂಗೆ. ಮೀಟರ್ ಆ ಮೊದಲನೇ ಎಲೆಕ್ಟ್ರೋಡ್ ಮೇಲೆ ವೋಲ್ಟೇಜನ್ನ ಮೆಲ್ಲಗೆ ಏರಿಸ್ತಾ ಅಥವಾ ಇಳಿಸ್ತಾ ಹೋಗತ್ತೆ, ಯಾವುದೋ ಒಂದು ವೋಲ್ಟೇಜ್‌ನಲ್ಲಿ ಔಷಧದ ಅಣು ಎಲೆಕ್ಟ್ರಾನ್ ಬಿಟ್ಟುಕೊಡತ್ತೆ ಇಲ್ಲಾ ಕಿತ್ಕೊಳ್ಳತ್ತೆ, ಅಲ್ಲಿ ಕರೆಂಟ್ ಗ್ರಾಫ್‌ನಲ್ಲಿ ಒಂದು ಗುಡ್ಡ ಏಳತ್ತೆ. ಗುಡ್ಡ ಎಲ್ಲಿ ಬಂತು ಅನ್ನೋದು ಯಾವ ಔಷಧ ಅಂತ ಸುಳಿವು ಕೊಡತ್ತೆ, ಎಷ್ಟು ಎತ್ತರ ಅನ್ನೋದು ಎಷ್ಟಿದೆ ಅಂತ ಹೇಳತ್ತೆ. ಈ ಮೂಲ ಉಪಾಯ ಹೊಸದೇನಲ್ಲ, 1922ರಲ್ಲಿ ಪ್ರಾಗ್‌ನ ಹೆಯ್ರೋವ್ಸ್ಕಿ ಪಾದರಸದ ಹನಿ ಇಟ್ಕೊಂಡು ಶುರು ಮಾಡಿದ್ದು, ಅದಕ್ಕೆ 1959ರಲ್ಲಿ ನೊಬೆಲ್ ಬಂತು.

ಇಲ್ಲಿಂದ ಮುಂದೆ "ಆ್ಯಂಟಿಬಯಾಟಿಕ್" ಅಂತ ಒಟ್ಟಾಗಿ ಮಾತಾಡೋದು ಬಿಡಬೇಕು. ಒಂದೊಂದು ಔಷಧದ್ದು ಒಂದೊಂದು ಸ್ವಭಾವ, ಕೆಲವು ತಾವೇ ಕರೆಂಟ್ ಕೊಡ್ತವೆ, ಕೆಲವು ಸುಲಭಕ್ಕೆ ಕೊಡಲ್ಲ.

ಕ್ಲೋರಾಂಫೆನಿಕಾಲ್‌ನಲ್ಲಿ ನೈಟ್ರೋ ಗುಂಪು ಇದೆ, ಮೈನಸ್ ಅರ್ಧ ವೋಲ್ಟಿಂದ ಸ್ವಲ್ಪ ಆಚೆಗೆ ಅದು ನಾಲ್ಕು ಎಲೆಕ್ಟ್ರಾನ್ ನುಂಗಿ ಚೆನ್ನಾಗಿರೋ ಗುಡ್ಡ ಕೊಡತ್ತೆ. ಅದಕ್ಕೇ ಪೇಪರ್ ಬರೆಯೋರಿಗೆ ಕ್ಲೋರಾಂಫೆನಿಕಾಲ್ ಅಂದ್ರೆ ಬಲು ಪ್ರೀತಿ. ಸಲ್ಫಾ ಔಷಧಗಳು, ಟೆಟ್ರಾಸೈಕ್ಲಿನ್, ಎನ್ರೋಫ್ಲಾಕ್ಸಾಸಿನ್ ಇವೆಲ್ಲ ಪ್ಲಸ್ ಕಡೆ ಎಲೆಕ್ಟ್ರಾನ್ ಬಿಟ್ಟುಕೊಟ್ಟು ಸಿಗ್ನಲ್ ಕೊಡ್ತವೆ. ಇವುಗಳಿಗೆ ಯುರೋಪಿನ ಹಾಲಿನ ಮಿತಿ ಕೆಜಿಗೆ 100 ಮೈಕ್ರೋಗ್ರಾಂ, ಅಂದ್ರೆ 200ರಿಂದ 400 ನ್ಯಾನೋಮೋಲಾರ್ ಆಸುಪಾಸು, ಕ್ಲೋರಾಂಫೆನಿಕಾಲ್‌ಗೆ ಹೋಲಿಸಿದ್ರೆ ಇದು ಧಾರಾಳ. ಸೆನ್ಸರ್ ನಿಜಕ್ಕೂ ಹತ್ತಿರ ಬಂದಿದೆ ಅಂದ್ನಲ್ಲ, ಅದು ಈ ಗುಂಪಿಗೆ.

ನಿಮ್ಮ ಡೈರಿಗೆ ನಿಜವಾಗಿ ಕಾಟ ಕೊಡೋದು ಯಾವುದು? ಕೆಚ್ಚಲು ಬಾವಿಗೆ ಮೊಲೆ ಒಳಗೆ ಏರಿಸೋ ಟ್ಯೂಬ್‌ಗಳು, ಇಂಜೆಕ್ಷನ್‌ಗಳು, ಅವುಗಳಲ್ಲಿ ಪೆನಿಸಿಲಿನ್, ಆ್ಯಂಪಿಸಿಲಿನ್, ಅಮಾಕ್ಸಿಸಿಲಿನ್, ಕ್ಲಾಕ್ಸಾಸಿಲಿನ್ ಈ ಸಂತಾನವೇ ಜಾಸ್ತಿ. ಅಮಾಕ್ಸಿಸಿಲಿನ್ ಬಿಟ್ರೆ, ಮಾಮೂಲಿ ಕಾರ್ಬನ್ ಎಲೆಕ್ಟ್ರೋಡ್ ಮೇಲೆ ಸುಲಭಕ್ಕೆ ಸಿಗ್ನಲ್ ಕೊಡದೇ ಇರೋದೂ ಇದೇ ಸಂತಾನ. ಮಿತಿ ನೋಡಿದ್ರೆ ಪೆನಿಸಿಲಿನ್‌ಗೆ ಕೋಡೆಕ್ಸ್ ಅನ್ನೋ ಅಂತರರಾಷ್ಟ್ರೀಯ ಆಹಾರ ಮಾನದಂಡದಲ್ಲೂ ಯುರೋಪ್‌ನಲ್ಲೂ 4 ಮೈಕ್ರೋಗ್ರಾಂ ಅಷ್ಟೇ, ಅಂದ್ರೆ 12 ನ್ಯಾನೋಮೋಲಾರ್. ಪೆನಿಸಿಲಿನ್ ಒಡೆಯೋ ಎಂಜೈಮ್ ಇಟ್ಟು, ಒಡೆದಾಗ ಹುಟ್ಟೋ ಆಸಿಡ್ ಅಳೆಯೋ ಎಲೆಕ್ಟ್ರೋಡ್‌ಗಳು 1970ರ ದಶಕದಿಂದಲೇ ಇವೆ, ಆದ್ರೆ ಅವು ಪೆನಿಸಿಲಿನ್ ಫ್ಯಾಕ್ಟರಿಯ ಹುದುಗು ಟ್ಯಾಂಕ್‌ಗೆ ಸರಿ, ಅಲ್ಲಿ ಲೀಟರ್‌ಗೆ ಗ್ರಾಂಗಟ್ಟಲೆ ಇರತ್ತೆ. ಹಾಲಲ್ಲಿ ಹುಟ್ಟೋ ಆ ಚಿಟಿಕೆ ಆಸಿಡನ್ನ ಹಾಲೇ ನುಂಗಿಬಿಡತ್ತೆ, ಫಾಸ್ಫೇಟು, ಕೇಸೀನ್ ಅನ್ನೋ ಹಾಲಿನ ಪ್ರೋಟೀನು ಎಲ್ಲ ಸೇರಿ ಪಿಎಚ್ ಅಲ್ಲಾಡೋಕೆ ಬಿಡಲ್ಲ. ಸೆನ್ಸರ್ ಜಗತ್ತಿನ ವಿಪರ್ಯಾಸ ಏನಂದ್ರೆ ಪೇಪರ್ ಜಾಸ್ತಿ ಬಂದಿರೋದು ಕರೆಂಟ್ ಸುಲಭವಾಗಿ ಕೊಡೋ ಔಷಧದ ಮೇಲೆ, ರೈತರ ಮನೆ ಬಾಗಿಲಲ್ಲಿ ಜಾಸ್ತಿ ಸಿಗೋ ಔಷಧದ ಮೇಲಲ್ಲ.

ಇನ್ನೊಂದು ಉದಾಹರಣೆ ಹೇಳ್ಬಿಡ್ತೀನಿ, ಇದು ಹಾಲಿನದಲ್ಲ ಸೀಗಡಿದು. ನೈಟ್ರೋಫ್ಯುರಾನ್ ಅಂತ ಒಂದು ಗುಂಪು, ಫ್ಯುರಾಜೋಲಿಡೋನ್ ಎಲ್ಲ ಅದರಲ್ಲೇ ಬರೋದು. ನಮ್ಮ ದೇಶದ ಸೀಗಡಿ ಯುರೋಪ್‌ನಲ್ಲಿ ವಾಪಸ್ ಆಗೋಕೆ ಈ ಗುಂಪೂ ಕ್ಲೋರಾಂಫೆನಿಕಾಲೂ ಎರಡೂ ಕಾರಣ, 2016ರಲ್ಲಿ ಅವ್ರು ನಮ್ಮ ಸಾಕಣೆ ಸೀಗಡಿಯ ಲೋಡ್‌ಗಳಲ್ಲಿ ಚೆಕ್ ಮಾಡೋ ಪ್ರಮಾಣವನ್ನ ಶೇಕಡ 10ರಿಂದ 50ಕ್ಕೆ ಏರಿಸಿದ್ರು. ಫ್ಯುರಾಜೋಲಿಡೋನ್‌ನಲ್ಲೂ ನೈಟ್ರೋ ಗುಂಪಿದೆ, ಎಲೆಕ್ಟ್ರೋಡ್ ಮೇಲೆ ಅಂದವಾದ ಸಿಗ್ನಲ್ ಬರತ್ತೆ, ಸೀಗಡಿ ರುಬ್ಬಿ ಅದಕ್ಕೆ ಔಷಧ ಬೆರೆಸಿ ಅಳೆದು ತೋರಿಸಿರೋ ಪೇಪರ್‌ಗಳೂ ಇವೆ. ಆದ್ರೆ ಜೀವಂತ ಸೀಗಡಿ ಮೈಯಲ್ಲಿ ಆ ಔಷಧ ಕೆಲವೇ ಗಂಟೆಯಲ್ಲಿ ಒಡೆದು ಹೋಗತ್ತೆ ಕಣ್ರೀ. ವಾರಗಟ್ಟಲೆ ಉಳಿಯೋದು ಅದರ ಒಂದು ತುಂಡು, ಮಾಂಸದ ಪ್ರೋಟೀನಿಗೆ ಅಂಟಿಕೊಂಡು ಕೂತಿರತ್ತೆ, ಆ ತುಂಡಿನಲ್ಲಿ ನೈಟ್ರೋ ಗುಂಪೇ ಇಲ್ಲ. ಲ್ಯಾಬ್‌ನವ್ರು ಅದನ್ನ ಆಸಿಡ್‌ನಲ್ಲಿ ರಾತ್ರಿಯಿಡೀ ಇಟ್ಟು ಬಿಡಿಸಿ, ಬೇರೆ ಕೆಮಿಕಲ್ ಜೋಡಿಸಿ, ಎಲ್‌ಸಿ-ಎಂಎಸ್ ಅನ್ನೋ, ಅಣುಗಳನ್ನ ಬೇರ್ಪಡಿಸಿ ತೂಕದಿಂದ ಗುರುತು ಹಿಡಿಯೋ ದೊಡ್ಡ ಲ್ಯಾಬ್ ಮಷೀನ್‌ಗೆ ಕೊಡ್ತಾರೆ. ಅಂದ್ಮೇಲೆ ಆ ಸೆನ್ಸರ್ ಹುಡುಕ್ತಿರೋ ವಸ್ತು ನಿಜವಾದ ಸ್ಯಾಂಪಲ್‌ನಲ್ಲಿ ಇರೋದೇ ಇಲ್ಲ! ಸೆನ್ಸರ್ ಎಷ್ಟು ಸೂಕ್ಷ್ಮ ಇದ್ದು ಏನು ಬಂತು.

ಸರಿ, ಹಾಲಿಗೆ ವಾಪಸ್ ಬರೋಣ. ಔಷಧ ಕರೆಂಟ್ ಕೊಡೋದೇ ಆದ್ರೂ ಹಾಲು ಸುಮ್ನೆ ಕೂರಲ್ಲ. ಲೀಟರ್‌ಗೆ 30 ಗ್ರಾಂ ಮೇಲೆ ಪ್ರೋಟೀನು, ಅಷ್ಟೇ ಅಥವಾ ಇನ್ನೂ ಜಾಸ್ತಿ ಕೊಬ್ಬು, ಇವು ಎಲೆಕ್ಟ್ರೋಡ್ ಮೇಲೆ ನಿಮಿಷದಲ್ಲೇ ಪೊರೆ ಕಟ್ತವೆ. ಮೊದಲನೇ ಸಲ ಬಂದ ಸಿಗ್ನಲ್ ಆಮೇಲಿನ ಸಲಗಳಲ್ಲಿ ಇಳೀತಾ ಹೋಗತ್ತೆ. ಸಲ್ಫಾ ಔಷಧ ಸಿಗ್ನಲ್ ಕೊಡೋದು ಪ್ಲಸ್ 1 ವೋಲ್ಟ್ ಹತ್ತಿರ, ಅಲ್ಲಿಗೆ ಹೋಗೋ ದಾರಿಯಲ್ಲೇ ಹಾಲಿನ ಪ್ರೋಟೀನಿನ ಟೈರೋಸಿನ್, ಟ್ರಿಪ್ಟೋಫ್ಯಾನ್ ಕೂಡ ಎಲೆಕ್ಟ್ರಾನ್ ಬಿಡ್ತವೆ, ಯೂರಿಕ್ ಆಸಿಡ್ ಇನ್ನೂ ಮುಂಚೆ. ಕ್ಲೋರಾಂಫೆನಿಕಾಲ್‌ಗೆ ಅಂತ ಮೈನಸ್ ಕಡೆ ಹೋದ್ರೆ ಅಲ್ಲಿ ಗಾಳಿಯಿಂದ ಕರಗಿರೋ ಆಕ್ಸಿಜನ್ ಅಡ್ಡ ಬರತ್ತೆ, ಲ್ಯಾಬ್‌ನಲ್ಲಾದ್ರೆ ನೈಟ್ರೋಜನ್ ಗ್ಯಾಸ್ ಬಿಟ್ಟು ಓಡಿಸ್ತಾರೆ, ಬೆಳಗ್ಗೆ ಐದೂವರೆಗೆ ಡೈರಿ ಮುಂದೆ ಕ್ಯೂ ನಿಂತಿರುವಾಗ ಯಾರು ಸಿಲಿಂಡರ್ ತಿರುಗಿಸ್ತಾರೆ.

ಇನ್ನೊಂದು ವಿಷಯ ಪೇಪರ್‌ಗಳಲ್ಲಿ ಅಪರೂಪಕ್ಕೆ ಕಾಣೋದು, ನನಗೆ ಮಾತ್ರ ಬಹಳ ಮುಖ್ಯ ಅನ್ಸೋದು. ಕೆಚ್ಚಲು ಬಾವು ಆದ ಹಸು ಹಾಲಲ್ಲಿ ಉಪ್ಪು ಏರಿರತ್ತೆ, ನೀವೂ ನಾಲಿಗೆಗೆ ಹಚ್ಚಿ ನೋಡಿರ್ತೀರ. ಪ್ರಿಂಟ್ ಮಾಡಿದ ಸ್ಟ್ರಿಪ್‌ನ ಬೆಳ್ಳಿ ಎಲೆಕ್ಟ್ರೋಡ್ ಇದೆಯಲ್ಲ, ಸೊನ್ನೆ ಗುರುತು ಅಂದಿದ್ದು, ಅದು ನಿಂತಿರೋದೇ ಸುತ್ತ ಇರೋ ಕ್ಲೋರೈಡ್ ಲೆಕ್ಕದ ಮೇಲೆ. ಕ್ಲೋರೈಡ್ ಎರಡರಷ್ಟಾದ್ರೆ ಆ ಸೊನ್ನೆ ಗುರುತೇ ಸುಮಾರು 18 ಮಿಲಿವೋಲ್ಟ್ ಜರುಗತ್ತೆ, ಗುಡ್ಡ ಬೇರೆ ಜಾಗದಲ್ಲಿ ಕಾಣತ್ತೆ. ಆರೋಗ್ಯವಾಗಿರೋ ಹಸು ಹಾಲಲ್ಲಿ, ಅದೂ ಅಂಗಡಿಯಿಂದ ತಂದ ಪ್ಯಾಕೆಟ್ ಹಾಲಲ್ಲಿ ಸೆಟ್ ಮಾಡಿದ ಮೀಟರ್, ಔಷಧ ಇರೋ ಸಾಧ್ಯತೆ ಜಾಸ್ತಿ ಇರೋ ಹಾಲಿನ ಮುಂದೇ ತಪ್ಪೋಕೆ ಶುರು ಮಾಡತ್ತೆ.

ಹಾಗಾದ್ರೆ ಪೇಪರ್‌ನವ್ರು ಹಾಲಲ್ಲಿ ಹೇಗೆ ಅಳೆದ್ರು ಅಂತ ಕೇಳ್ತೀರ. ಆಸಿಡ್ ಅಥವಾ ಅಸಿಟೋನೈಟ್ರೈಲ್ ಹಾಕಿ ಹಾಲು ಒಡೆಸ್ತಾರೆ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸ್ತಾರೆ, ಮೇಲಿನ ತಿಳಿ ತಗೊಂಡು ಬಫರ್‌ನಲ್ಲಿ (ಪಿಎಚ್ ಒಂದೇ ಸಮ ಇರೋ ದ್ರಾವಣದಲ್ಲಿ) 50 ಪಟ್ಟು, 100 ಪಟ್ಟು ತೆಳು ಮಾಡ್ತಾರೆ, ಆಮೇಲೆ ಅಳೀತಾರೆ. ತಪ್ಪಲ್ಲ, ಆದ್ರೆ 100 ಪಟ್ಟು ತೆಳು ಮಾಡಿದ್ಮೇಲೆ ಸೆನ್ಸರ್‌ನ ಕನಿಷ್ಠ ಅಳತೆಯನ್ನೂ 100ರಿಂದ ಗುಣಿಸಿ ಓದಬೇಕು, ಮುಖಪುಟದ ಸಾರಾಂಶದಲ್ಲಿ ಅದು ಗುಣಿಸಿರಲ್ಲ. ಮಗಳಿಗೆ ಹೇಳಿ, ಮೊದ್ಲು ಯೂನಿಟ್ ನೋಡಬೇಕು ಅಂತ. "ಕನಿಷ್ಠ 0.1 ಮೈಕ್ರೋಮೋಲಾರ್ ತನಕ ಹಿಡಿಯತ್ತೆ" ಅಂತ ಬರೆದಿರೋದು ನೋಡೋಕೆ ಚಿಕ್ಕ ನಂಬರ್. ಕ್ಲೋರಾಂಫೆನಿಕಾಲ್‌ನ ಅಣುತೂಕ 323, ಅಂದ್ಮೇಲೆ 0.1 ಮೈಕ್ರೋಮೋಲಾರ್ ಅಂದ್ರೆ ಲೀಟರ್‌ಗೆ 32 ಮೈಕ್ರೋಗ್ರಾಂ. ಬೇಕಾಗಿರೋದು 0.3. ನೂರು ಪಟ್ಟು ದೂರ ಇದೆ, ಮೇಲಿಂದ 100 ಪಟ್ಟು ತೆಳು ಮಾಡಿದ್ರೆ ಹತ್ತು ಸಾವಿರ ಪಟ್ಟು. ಅದೇ ಸೆನ್ಸರ್ ಕಣ್ಣಿಗೆ ಹಾಕೋ ಡ್ರಾಪ್ಸ್‌ನಲ್ಲಿ ಕ್ಲೋರಾಂಫೆನಿಕಾಲ್ ಎಷ್ಟಿದೆ ಅಂತ ನೋಡೋಕೆ ಏ-ಒನ್, ಹಾಲಿಗೆ ಆಗಲ್ಲ.

ಎರಡನೇದು, "ಹಾಲಿನ ಸ್ಯಾಂಪಲ್‌ನಲ್ಲಿ ಶೇಕಡ 98 ರಿಕವರಿ" ಅಂತ ಟೇಬಲ್ ಇರತ್ತೆ. ಅಂದ್ರೆ ಔಷಧ ಇಲ್ಲದ ಹಾಲಿಗೆ ತಾವೇ ಗೊತ್ತಿರೋ ಅಳತೆ ಬೆರೆಸಿ ಅದನ್ನೇ ವಾಪಸ್ ಅಳೆದಿದ್ದು. ಎಷ್ಟು ಬೆರೆಸಿದ್ರು ಅಂತ ನೋಡಿ, ಮಿತಿಗಿಂತ ಸಾವಿರ ಪಟ್ಟು ಜಾಸ್ತಿ ಬೆರೆಸಿದ್ರೆ ಯಾವ ಸೆನ್ಸರ್ ಬೇಕಾದ್ರೂ ಹಿಡಿಯತ್ತೆ. ಔಷಧ ಕೊಟ್ಟ ಹಸುವಿನ ಹಾಲು ತಂದು, ಅದೇ ಸ್ಯಾಂಪಲ್ ಅರ್ಧ ಸೆನ್ಸರ್‌ಗೆ ಅರ್ಧ ಎಲ್‌ಸಿ-ಎಂಎಸ್‌ಗೆ ಕೊಟ್ಟು ಹೋಲಿಸಿರೋ ಪೇಪರ್ ಸಿಕ್ಕಿದ್ರೆ ಅದನ್ನ ಜೋಪಾನವಾಗಿ ಇಟ್ಕೊಳ್ಳಿ, ಅಂಥವು ಕಮ್ಮಿ.

ಪೆನಿಸಿಲಿನ್ ತರ ತಾವಾಗಿ ಕರೆಂಟ್ ಕೊಡದ ಔಷಧಕ್ಕೆ, ಎಲೆಕ್ಟ್ರೋಡ್ ಮೇಲೆ ಆ ಔಷಧವನ್ನ ಮಾತ್ರ ಗುರುತು ಹಿಡಿದು ಅಂಟಿಕೊಳ್ಳೋ ಏನಾದ್ರೂ ಕೂರಿಸ್ತಾರೆ. ಆ್ಯಂಟಿಬಾಡಿ ಆಗಬಹುದು, ಆಪ್ಟಮರ್ ಅಂತ ಡಿಎನ್ಎ ಎಳೆ ಆಗಬಹುದು, ಇಲ್ಲಾ ಔಷಧದ ಅಚ್ಚು ಒತ್ತಿ ತೆಗೆದ ಪಾಲಿಮರ್ ಆಗಬಹುದು. ಇದರಲ್ಲಿ ಒಂದು ಬಗೆ ಬಗ್ಗೆ ಮಾತ್ರ ನನಗೆ ಯಾವಾಗ್ಲೂ ಅನುಮಾನ. ಔಷಧ ಬಂದು ಅಂಟಿದ್ರೆ ಕರೆಂಟ್ ಕಮ್ಮಿ ಆಗತ್ತೆ, ಎಷ್ಟು ಕಮ್ಮಿ ಆಯ್ತೋ ಅಷ್ಟು ಔಷಧ ಅನ್ನೋ ಲೆಕ್ಕದ್ದು. ಕೇಸೀನ್ ಅಂಟಿದ್ರೂ ಕರೆಂಟ್ ಕಮ್ಮೀನೇ ಆಗತ್ತಲ್ಲ ಸ್ವಾಮಿ? ಶುದ್ಧ ನೀರಲ್ಲಿ ಚೆಂದ, ಹಾಲಲ್ಲಿ ಕೊಳೆ ಯಾವುದು ಔಷಧ ಯಾವುದು ಅಂತ ಅದಕ್ಕೆ ಗೊತ್ತಾಗಲ್ಲ.

ನನಗೆ ಹೆಚ್ಚು ನಂಬಿಕೆ ಇರೋದು ಬೇರೆ ದಾರಿ ಮೇಲೆ. ಸಣ್ಣ ಸಣ್ಣ ಮ್ಯಾಗ್ನೆಟ್ ಮಣಿಗಳು, ಕಣ್ಣಿಗೆ ಕಂದು ಪುಡಿ ತರ ಕಾಣೋದು, ಅವುಗಳ ಮೇಲೆ ಆ್ಯಂಟಿಬಾಡಿ ಕೂರಿಸಿರ್ತಾರೆ. ಹಾಲಿಗೆ ಹಾಕಿ ಅಲ್ಲಾಡಿಸಿದ್ರೆ ಔಷಧ ಹೋಗಿ ಮಣಿಗೆ ಅಂಟತ್ತೆ, ಅದರ ಜೊತೆ ಪೈಪೋಟಿಗೆ ಅಂತ ಎಂಜೈಮ್ ಕಟ್ಟಿದ ಅದೇ ಔಷಧವನ್ನೂ ಬಿಟ್ಟಿರ್ತಾರೆ, ಮ್ಯಾಗ್ನೆಟ್ ಹಿಡಿದು ಮಣಿ ಎಳೆದು, ಹಾಲು ಚೆಲ್ಲಿ, ತೊಳೆದು, ಆಮೇಲೆ ಶುದ್ಧ ಬಫರ್‌ನಲ್ಲಿ ಎಲೆಕ್ಟ್ರೋಡ್ ಮೇಲೆ ಇಟ್ಟು ಎಂಜೈಮ್ ಕೊಡೋ ಕರೆಂಟ್ ಓದ್ತಾರೆ. ಎಲೆಕ್ಟ್ರೋಡ್ ಹಾಲಿನ ಮುಖಾನೇ ನೋಡಲ್ಲ, ಪೊರೆ ಕಟ್ಟೋ ರಗಳೆ ಹೋಯ್ತು. ಸ್ಪೇನಿನ ಮ್ಯಾಡ್ರಿಡ್, ಬಾರ್ಸಿಲೋನಾ ಕಡೆಯ ಸಂಶೋಧಕರು ಹಾಲಲ್ಲಿ ಸಲ್ಫಾ, ಟೆಟ್ರಾಸೈಕ್ಲಿನ್‌ಗೆ ಇದನ್ನ ಮಾಡಿ ಮಿತಿಗಿಂತ ಎಷ್ಟೋ ಕೆಳಗೂ ಹಿಡಿದು ತೋರಿಸಿದಾರೆ. ಆದ್ರೆ ನೋಡಿ, ಹಾಕು, ಅಲ್ಲಾಡಿಸು, ತೊಳಿ, ಇನ್ನೊಂದು ಹಾಕು ಅಂತ ಕೆಲಸ ಬಂತು, ಆ್ಯಂಟಿಬಾಡಿಗೆ ಫ್ರಿಡ್ಜ್ ಬೇಕು, ಒಂದು ಹನಿ ಒಂದು ನಿಮಿಷ ಅನ್ನೋ ಮಾತು ಹೋಯ್ತು. ಹಾಲು ಒಕ್ಕೂಟದ ದೊಡ್ಡ ಪ್ಲಾಂಟಿನ ಲ್ಯಾಬ್‌ಗೆ ಇದು ಒಗ್ಗತ್ತೆ, ಹಳ್ಳಿ ಡೈರಿಗೆ ಅಲ್ಲ.

ಇಷ್ಟೆಲ್ಲ ಕಷ್ಟಪಟ್ಟು ಬರೋ ಸೆನ್ಸರ್ ಯಾರ ಜೊತೆ ಪೈಪೋಟಿ ಮಾಡಬೇಕು ಗೊತ್ತಾ, ಈಗಾಗ್ಲೇ ಇರೋ ಸ್ಟ್ರಿಪ್ ಜೊತೆ. ಸ್ಟ್ರಿಪ್‌ನ ಹಾಲಲ್ಲಿ ಅದ್ದಿದ್ರೆ ಐದು ಹತ್ತು ನಿಮಿಷದಲ್ಲಿ ಕೆಂಪು ಗೆರೆ ಬರತ್ತೆ, ಕೆಲವಕ್ಕೆ 40 ಡಿಗ್ರಿಯ ಪುಟ್ಟ ಹೀಟರ್ ಬೇಕು ಅಷ್ಟೇ. ಒಂದೇ ಸ್ಟ್ರಿಪ್‌ನಲ್ಲಿ ಪೆನಿಸಿಲಿನ್ ಗುಂಪು, ಟೆಟ್ರಾಸೈಕ್ಲಿನ್ ಗುಂಪು ಎರಡೂ ಸಿಗತ್ತೆ. ಪೆನಿಸಿಲಿನ್ ಯಾವ ಬ್ಯಾಕ್ಟೀರಿಯಾ ಪ್ರೋಟೀನಿಗೆ ಅಂಟಿ ಅದನ್ನ ಕೊಲ್ಲುತ್ತೋ ಅದೇ ಜಾತಿ ಪ್ರೋಟೀನನ್ನ ಸ್ಟ್ರಿಪ್ ಮೇಲೆ ಬಳಸಿರೋದ್ರಿಂದ ಆ ಗುಂಪಿನ ಬಹುಪಾಲು ಔಷಧಗಳು ಒಟ್ಟಿಗೆ ಸಿಕ್ಕಿಬೀಳ್ತವೆ. ಒಂದು ಎಚ್ಚರಿಕೆ, ಇದರಲ್ಲಿ ಗೆರೆ ಬಂದ್ರೆ ಹಾಲು ಚೆನ್ನಾಗಿದೆ ಅಂತ, ಗೆರೆ ಮಸುಕಾದ್ರೆ ಅಥವಾ ಮಾಯ ಆದ್ರೆ ಔಷಧ ಇದೆ ಅಂತ. ಪ್ರೆಗ್ನೆನ್ಸಿ ಸ್ಟ್ರಿಪ್‌ಗೆ ಪೂರ್ತಿ ಉಲ್ಟಾ. ಹೊಸ ಹುಡುಗರು ಇಲ್ಲೇ ಎಡವೋದು. ಸ್ಟ್ರಿಪ್ ಸರಿ ಇದೆ ಅಂತ ತೋರಿಸೋ ಕಂಟ್ರೋಲ್ ಗೆರೆ ಬರದೇ ಇದ್ರೆ ಆ ಸ್ಟ್ರಿಪ್ಪೇ ಎಸೀರಿ.

ಇನ್ನೊಂದು ಹಳೇ ಪದ್ಧತಿ ಡೆಲ್ವೋಟೆಸ್ಟ್ ತರದ್ದು, ಶಾಖ ತಡೆಯೋ ಬ್ಯಾಕ್ಟೀರಿಯಾ ಇರೋ ಪುಟ್ಟ ಟ್ಯೂಬ್‌ಗೆ ಹಾಲು ಹಾಕಿ 64 ಡಿಗ್ರಿಯಲ್ಲಿ ಎರಡೂವರೆ ಮೂರು ಗಂಟೆ ಇಡೋದು. ಬ್ಯಾಕ್ಟೀರಿಯಾ ಬೆಳೆದ್ರೆ ನೇರಳೆ ಹೋಗಿ ಹಳದಿ ಆಗತ್ತೆ, ನೇರಳೆಯಾಗೇ ಉಳಿದ್ರೆ ಏನೋ ಅದನ್ನ ತಡೀತಿದೆ ಅಂತ. ಮನೆಯಲ್ಲಿ ಹೆಪ್ಪು ಹಾಕಿ ಮೊಸರಾಗಲಿಲ್ಲ ಅಂದ್ರೆ ಆ್ಯಂಟಿಬಯಾಟಿಕ್ ಇದೆ ಅಂತಾರಲ್ಲ ಅದೂ ಇದೇ ತತ್ವ, ಆದ್ರೆ ಚಳಿಗೂ ಹೆಪ್ಪು ಕೂರಲ್ಲ, ಹಳೇ ಹೆಪ್ಪಾದ್ರೂ ಕೂರಲ್ಲ, ಮತ್ತೆ 0.3 ಮೈಕ್ರೋಗ್ರಾಂ ಕ್ಲೋರಾಂಫೆನಿಕಾಲ್ ಇದ್ರೂ ಮೊಸರು ಗಟ್ಟಿಯಾಗೇ ಕೂರತ್ತೆ. ಅದನ್ನ ನಂಬಿ ತೀರ್ಮಾನ ಮಾಡಬೇಡಿ. ಕೆಚ್ಚಲು ಬಾವಿನ ಹಾಲಲ್ಲಿ ಹಸು ಮೈಯದೇ ಬ್ಯಾಕ್ಟೀರಿಯಾ ತಡೆಯೋ ಪ್ರೋಟೀನ್‌ಗಳು ಜಾಸ್ತಿ ಇರ್ತವೆ, ಔಷಧ ಕೊಡದೇ ಇದ್ರೂ ಈ ಬ್ಯಾಕ್ಟೀರಿಯಾ ಟೆಸ್ಟ್ ಒಮ್ಮೊಮ್ಮೆ ಪಾಸಿಟಿವ್ ತೋರಿಸತ್ತೆ, ಇದೂ ತಲೆಯಲ್ಲಿರ್ಲಿ.

ಸ್ಟ್ರಿಪ್ ಆಗಲಿ ಸೆನ್ಸರ್ ಆಗಲಿ ಇವೆಲ್ಲ ಸ್ಕ್ರೀನಿಂಗ್ ಅಷ್ಟೇ. ಸ್ಕ್ರೀನಿಂಗ್ ಅಂದ್ರೆ ಕೆಟ್ಟ ಹಾಲನ್ನ ಒಳ್ಳೇದು ಅಂತ ಬಿಟ್ಟುಬಿಡೋ ತಪ್ಪು ಮಿತಿಯ ಹತ್ತಿರ ಶೇಕಡ 5 ದಾಟಬಾರದು ಅಂತ ಯುರೋಪಿನ ನಿಯಮ ಹೇಳತ್ತೆ, ಒಳ್ಳೇದನ್ನ ಕೆಟ್ಟದ್ದು ಅಂದ್ರೆ ಅದಕ್ಕೆ ಮುಂದೆ ಎಲ್‌ಸಿ-ಎಂಎಸ್ ಇದೆ. ತಕರಾರು ಬಿದ್ದ ಸ್ಯಾಂಪಲ್ ನೋಡೋ ರೆಫರಲ್ ಲ್ಯಾಬ್‌ಗಳಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ (ಆಹಾರ ಸಂಶೋಧನಾ ಸಂಸ್ಥೆ) ಒಂದು. ನಮ್ಮ ಹಾಲು ಪೂರ್ತಿ ಹಾಳಾಗಿದೆ ಅಂತ ವಾಟ್ಸಾಪ್‌ನಲ್ಲಿ ಬರತ್ತಲ್ಲ ಅದನ್ನೂ ನಂಬೋದು ಬೇಡ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರ ರಾಷ್ಟ್ರೀಯ ಸರ್ವೇಯಲ್ಲಿ 6,432 ಸ್ಯಾಂಪಲ್ ನೋಡಿತ್ತು, ಅದರಲ್ಲಿ ಆ್ಯಂಟಿಬಯಾಟಿಕ್ ಮಿತಿ ಮೀರಿದ್ದು 77. ಕಮ್ಮಿ ಅನ್ಸತ್ತೆ, ಆದ್ರೆ ನಿಮ್ಮ ಲೋಡ್ ಆ 77ರ ತರದ್ದಾದ್ರೆ ನಿಮಗೆ ನೂರಕ್ಕೆ ನೂರು.

ಯಾಕೆ ಒಂದೇ ಮನೆ ಹಾಲು ಇಡೀ ಬಿಎಂಸಿ ಕೆಡಿಸತ್ತೆ ಅಂತ ಒಂದು ಲೆಕ್ಕ ನೋಡಿ. ಟ್ಯೂಬ್ ಏರಿಸಿದ ಹಸುವಿನ ಒಂದು ಹೊತ್ತಿನ ಹಾಲು 8 ಲೀಟರ್, ಅದರಲ್ಲಿ ಲೀಟರ್‌ಗೆ 2 ಮಿಲಿಗ್ರಾಂ ಪೆನಿಸಿಲಿನ್ ಅಂತ ಹಿಡಿಯೋಣ. ಒಟ್ಟು 16 ಮಿಲಿಗ್ರಾಂ. 2 ಸಾವಿರ ಲೀಟರ್ ಬಿಎಂಸಿಯಲ್ಲಿ ಬೆರೆತ್ರೆ ಲೀಟರ್‌ಗೆ 8 ಮೈಕ್ರೋಗ್ರಾಂ, ಮಿತಿಯ ಎರಡರಷ್ಟು. ಕಾಯಿಸಿದ್ರೆ ಹೋಗತ್ತೆ ಅನ್ನೋದೂ ಇಲ್ಲ, ಪೆನಿಸಿಲಿನ್ ಸ್ವಲ್ಪ ಕಮ್ಮಿ ಆಗಬಹುದು, ಪೂರ್ತಿ ಹೋಗಲ್ಲ.

ಅದಕ್ಕೆ ಡೈರಿಯಲ್ಲಿ ಮಾಡಬೇಕಾದ್ದು ಇಷ್ಟು. ಪ್ರತಿ ಮನೆ ಹಾಲಿಗೂ ಸ್ಟ್ರಿಪ್ ಹಾಕೋಕೆ ದುಡ್ಡು ಸಾಲಲ್ಲ, ಬೇಕಾಗೂ ಇಲ್ಲ. ಫ್ಯಾಟು ಡಿಗ್ರಿ ನೋಡೋಕೆ ಹೇಗೂ ಒಬ್ಬೊಬ್ಬರದ್ದೂ ಸ್ಯಾಂಪಲ್ ತಗೊಳ್ತೀರಲ್ಲ, ಅದರಲ್ಲೇ ಸ್ವಲ್ಪ ಎತ್ತಿ ನಂಬರ್ ಹಾಕಿದ ಬಾಟಲಿಯಲ್ಲಿ ಲೋಡ್ ಪಾಸ್ ಆಗೋ ತನಕ ಫ್ರಿಡ್ಜ್‌ನಲ್ಲಿಡಿ. ಬಿಎಂಸಿಗೆ ಒಂದು ಸ್ಟ್ರಿಪ್ ಹಾಕಿ, ಪಾಸಿಟಿವ್ ಬಂದ್ರೆ ಹತ್ತತ್ತು ಮನೆ ಸ್ಯಾಂಪಲ್ ಬೆರೆಸಿ ಒಂದೊಂದು ಸ್ಟ್ರಿಪ್, ಅದರಲ್ಲಿ ಸಿಕ್ಕ ಗುಂಪನ್ನ ಮತ್ತೆ ಬಿಡಿಸಿ. ಇನ್ನೂರು ಮನೆ ಇದ್ರೂ ಒಬ್ಬರಿಂದ ಬಂದಿದ್ದಾದ್ರೆ ಮೂವತ್ತೊಂದು ಸ್ಟ್ರಿಪ್‌ನಲ್ಲಿ ಮುಗಿಯತ್ತೆ, ಎಲ್ಲರ ದುಡ್ಡು ಹಿಡಿಯೋ ಪಂಚಾಯ್ತಿ ತಪ್ಪತ್ತೆ. ಆಮೇಲೆ ಔಷಧದ ಲೇಬಲ್. 2012ರಿಂದ ಆಹಾರ ಕೊಡೋ ಪ್ರಾಣಿಗಳ ಔಷಧದ ಮೇಲೆ ಎಷ್ಟು ದಿನ ಹಾಲು ಹಾಕಬಾರದು ಅಂತ ಬರೆದಿರಲೇಬೇಕು ಅನ್ನೋ ನಿಯಮ ಇದೆ, ಆ ಅವಧಿ ನಿಗದಿ ಆಗಿಲ್ಲದ ಔಷಧ ಆದ್ರೆ ಹಾಲಿಗೆ ಕನಿಷ್ಠ 7 ದಿನ. ಡಾಕ್ಟರ್ ಇಂಜೆಕ್ಷನ್ ಕೊಟ್ಟು ಹೋದ್ಮೇಲೆ ಖಾಲಿ ಡಬ್ಬ ರೈತರ ಕೈಲೇ ಉಳಿಯೋ ಹಾಗೆ ಮಾಡಿ, ಅದನ್ನ ಡೈರಿಗೆ ತಂದು ತೋರಿಸಿ ಹೆಸರು ಬರೆಸಿದೋರಿಗೆ ಆ ದಿನಗಳ ಹಾಲಿಗೆ ಏನಾದ್ರೂ ಅಲ್ಪಸ್ವಲ್ಪ ಪರಿಹಾರ ಸಂಘದಿಂದ ಕೊಡೋಕಾಗತ್ತಾ ಅಂತ ಮೀಟಿಂಗ್‌ನಲ್ಲಿ ಕೇಳಿ. ಮುಚ್ಚಿಡೋಕೆ ಕಾರಣಾನೇ ದುಡ್ಡು, ಒಂದು ವಾರದ ಹಾಲು ಚರಂಡಿಗೆ ಅಂದ್ರೆ ಯಾರ ಹೊಟ್ಟೆ ಉರಿಯಲ್ಲ. ಇನ್ನು ಕ್ಲೋರಾಂಫೆನಿಕಾಲ್ ಮತ್ತೆ ನೈಟ್ರೋಫ್ಯುರಾನ್‌ಗಳನ್ನ ಆಹಾರಕ್ಕೆ ಸಾಕೋ ಯಾವ ಪ್ರಾಣಿಗೂ ಬಳಸೋ ಹಾಗಿಲ್ಲ ಅಂತ 2025ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ನೋಟಿಫಿಕೇಶನ್ ಹೊರಡಿಸಿದೆ, ಅದಕ್ಕೆ ಎಷ್ಟು ದಿನ ಕಾಯಬೇಕು ಅನ್ನೋ ಪ್ರಶ್ನೆಯೇ ಇಲ್ಲ.

ಮಗಳಿಗೆ ಪ್ರಾಜೆಕ್ಟ್ ಮಾಡೋ ಆಸೆ ಇದ್ರೆ ಖಂಡಿತ ಮಾಡ್ಲಿ. ಮಷೀನ್ ದುಬಾರಿ ಅಂತ ಹಿಂಜರಿಯೋದು ಬೇಡ, ಕ್ಯಾಲಿಫೋರ್ನಿಯಾದ ಸ್ಯಾಂಟಾ ಬಾರ್ಬರಾ ಯೂನಿವರ್ಸಿಟಿಯವ್ರು 2011ರಲ್ಲೇ 80 ಡಾಲರ್ ಒಳಗೆ ಕಟ್ಟಬಹುದಾದ ಚೀಪ್‌ಸ್ಟ್ಯಾಟ್ ಅನ್ನೋ ಮೀಟರ್ ಡಿಸೈನನ್ನ ಎಲ್ಲರಿಗೂ ಬಿಟ್ಟುಕೊಟ್ಟಿದಾರೆ. ಎಲೆಕ್ಟ್ರೋಡ್‌ಗೆ ಮೆಕ್ಯಾನಿಕಲ್ ಪೆನ್ಸಿಲಿನ ಕಡ್ಡಿ ಸಾಕು, ಗ್ರಾಫೀನು ಚಿನ್ನದ ನ್ಯಾನೋ ಕಣ ಇವೆಲ್ಲ ಆಮೇಲೆ. ಔಷಧ ಸಲ್ಫಾ ಅಥವಾ ಟೆಟ್ರಾಸೈಕ್ಲಿನ್ ಆರಿಸ್ಕೊಳ್ಳಲಿ, ಗುರಿ 100 ಮೈಕ್ರೋಗ್ರಾಂ ಇರ್ಲಿ, ಹಾಲು ಮಾತ್ರ ಪ್ಯಾಕೆಟ್‌ದು ಬೇಡ. ನಿಮ್ಮ ಡೈರಿಯ ಇಪ್ಪತ್ತು ಮೂವತ್ತು ಹಸುಗಳದ್ದು, ಎಮ್ಮೆದೂ ಸೇರಿ, ಬಾವು ಇರೋದು ಇಲ್ಲದ್ದು ಎರಡೂ ತಗೊಂಡು, ಔಷಧ ಏನೂ ಬೆರೆಸದೆ ಬರೀ ಹಾಲಿನ ಸಿಗ್ನಲ್ ಹಸುವಿಂದ ಹಸುವಿಗೆ ಎಷ್ಟು ಏರುಪೇರಾಗತ್ತೆ ಅಂತ ಮೊದ್ಲು ಅಳೀಲಿ. ಆ ಏರುಪೇರು ಗೊತ್ತಿಲ್ಲದೆ ಯಾವ ಸೆನ್ಸರೂ ಡೈರಿಗೆ ಬರೋಕಾಗಲ್ಲ, ಅದನ್ನ ಸರಿಯಾಗಿ ಅಳೆದ್ರೆ ಇನ್ನೊಂದು ಹೊಸ ನ್ಯಾನೋ ಪುಡಿಗಿಂತ ಅದೇ ಹೆಚ್ಚಿನ ಕೆಲಸ ಅಂತ ನನ್ನ ಅಭಿಪ್ರಾಯ.

ಮುಂದೆ ಯಾರಾದ್ರೂ ಬ್ಯಾಗ್ ಹಿಡ್ಕೊಂಡು ಇಂಥ ಮೀಟರ್ ಮಾರೋಕೆ ಡೈರಿಗೆ ಬಂದ್ರೆ ಬೇಡ ಅನ್ನಬೇಡಿ, ಕೂರಿಸಿ. ಕೆಚ್ಚಲು ಬಾವು ಆಗಿರೋ ಆದ್ರೆ ಇನ್ನೂ ಯಾವ ಔಷಧವೂ ಬೀಳದ ಹಸುವಿನ ಹಾಲು ಒಂದು, ಟ್ಯೂಬ್ ಏರಿಸಿ ಒಂದು ದಿನ ಆದ ಹಸುವಿನ ಹಾಲು ಒಂದು, ಅದನ್ನೇ ಬಿಎಂಸಿ ಹಾಲಿಗೆ ನೂರರಲ್ಲಿ ಒಂದು ಪಾಲು ಬೆರೆಸಿದ್ದು ಒಂದು, ಹೆಸರು ಬರೀದೇ ಮೂರು ಲೋಟ ಮುಂದಿಡಿ. ಪಕ್ಕದಲ್ಲೇ ನಿಮ್ಮ ಸ್ಟ್ರಿಪ್ಪೂ ಹಾಕಿ. ಮೊದಲನೇ ಲೋಟಕ್ಕೆ ಮೀಟರ್ ಪಾಸಿಟಿವ್ ಅಂದ್ರೆ, ಅಥವಾ ಸ್ಟ್ರಿಪ್ ಹಿಡಿದ ಮೂರನೇ ಲೋಟಕ್ಕೆ ನೆಗೆಟಿವ್ ಅಂದ್ರೆ, ಕಾಫಿ ಕೊಟ್ಟು ಕಳಿಸಿಕೊಡಿ.